ಅವ್ವನ ಕಿಟಕಿ ಸೀಟು

ಗೆಳೆಯರೇ, ವಿಮಾನದಾಗ ಯಾವ ಸೀಟು ಚಲೋ ಅಂತ ನಾನು ಬರೀತೀನಿ ಅಂದ್ರೆ ನೀವು ನಗಬಹುದು. ನಗ್ರಿ, ಆದ್ರೆ ಪೂರ್ತಿ ಓದ್ರಿ.

ನಾವು ಭಾತಂಬ್ರಾದವರು. ಅವ್ವ ಪರರ ಹೊಲದಾಗ ತೊಗರಿ ಕಳೆ ತೆಗೀತಿದ್ದಾಗ ಬೀದರ್ ವಾಯುನೆಲೆಯ ತರಬೇತಿ ವಿಮಾನಗಳು ತಲೆ ಮ್ಯಾಲೆ ಹಾರ್ತಿದ್ದವು. ಕುತ್ತಿಗೆ ನೋಯೋತನಕ ನೋಡ್ತಿದ್ವಿ. 2020ರ ಫೆಬ್ರವರಿ 7ರಂದು ಅದೇ ನೆಲೆಯಿಂದ ಉಡಾನ್ ಯೋಜನೆಯಲ್ಲಿ ಬೆಂಗಳೂರಿಗೆ ಜನರ ವಿಮಾನ ಶುರುವಾಯ್ತು. ನಡುವೆ ನಿಂತಿತು, ಮತ್ತೆ ಬಂತು.

ಅವ್ವನನ್ನು ಬೆಂಗಳೂರಿನ ಆಸ್ಪತ್ರೆಗೆ ತೋರಿಸೋದಿತ್ತು. ರಾತ್ರಿಯಿಡೀ ರೈಲಿನಾಗ ಹೋಗೋ ಶಕ್ತಿ ಅವಳ ಸೊಂಟಕ್ಕಿರಲಿಲ್ಲ. ಟಿಕೆಟ್ ತೆಗೆಸಿದೆ. ಅವಳು ಕೇಳಿದ ಮೊದಲ ಪ್ರಶ್ನೆ ದುಡ್ಡಿನದ್ದಲ್ಲ. "ಅದರಾಗ ನಮಗ ಎಲ್ಲಿ ಕುಂಡ್ರಸ್ತಾರ?"

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದು ಇದೇ ಪ್ರಶ್ನೆ. 1901ರಲ್ಲಿ ಅಪ್ಪನನ್ನು ನೋಡಲು ಗೋರೆಗಾಂವ್‌ಗೆ ಹೊರಟ ಮಕ್ಕಳಿಗೆ ಮಸೂರು ಸ್ಟೇಷನ್ನಿನಲ್ಲಿ ಯಾರೂ ಗಾಡಿ ಕೊಡಲಿಲ್ಲ. ಕೊನೆಗೊಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪಿದ. ಗಾಡಿ ಹೊಡೆದವರು ಮಕ್ಕಳೇ. ಆತ ಮೈಲಿಗೆ ಆಗದಂಗ ಪಕ್ಕದಲ್ಲಿ ನಡೆದು ಬಂದ.

ಅದಕ್ಕೇ ಸೀಟು ಆರಿಸೋದನ್ನು ನಾನು ಪರೀಕ್ಷೆಗೆ ಓದಿದಂಗ ಓದಿದೆ. ನಮ್ಮದು ಸಣ್ಣ ಎಂಬ್ರೇಯರ್ ಜೆಟ್. ಎಡಗಡೆ ಒಂಟಿ ಸೀಟು, ಬಲಗಡೆ ಜೋಡಿ ಸೀಟು. ರೆಕ್ಕೆ ಕಿಟಕಿಗಿಂತ ಕೆಳಗೆ, ಹಾಗಾಗಿ ನಡುವಿನ ಸಾಲಿಗೆ ರೆಕ್ಕೆ ಮಾತ್ರ ಕಾಣ್ತದ. ಎಂಜಿನ್ ಬಾಲದ ಹತ್ತಿರ, ಹಿಂದೆ ಕೂತ್ರೆ ಎಂಜಿನ್ನೇ ದರ್ಶನ. ಅಂದ್ರೆ ರೆಕ್ಕೆಗಿಂತ ಮುಂದಿನ ಸಾಲು. ಬೆಂಗಳೂರು ದಕ್ಷಿಣಕ್ಕೆ, ಬೆಳಗಿನ ಸೂರ್ಯ ಎಡಗಡೆ. ಬಲಗಡೆ ಕೂತ್ರೆ ಕಣ್ಣಿಗೆ ಬಿಸಿಲು ಹೊಡೆಯಲ್ಲ, ಭಾಲ್ಕಿ ಸೀಮೆನೂ ಆ ಕಡೆಗೇ. ಮುಂದಿನ ಬಲಗಡೆ ಕಿಟಕಿ ಅವ್ವನದು, ಪಕ್ಕದ್ದು ನನ್ನದು.

ಒಳಗೆ ಹೋಗಿ ಕೂತ ಮ್ಯಾಲೆ ಒಬ್ಬ ಹಿರಿಯರು ಬಂದು ನಗುತ್ತಾ, "ಅಮ್ಮ, ನಿಮಗೆ ಕಿಟಕಿ ಬೇಕಾಗಲ್ಲ ಅಲ್ವಾ? ನಾನು ಕೂತ್ಕೋತೀನಿ" ಅಂದ್ರು. ನಾನು ಬಾಯಿ ತೆಗೆಯೋದ್ರೊಳಗ ಅವ್ವ ಎದ್ದು ನಿಂತಿದ್ದಳು.

ಅವರು ಜಾತಿ ಕೇಳಲಿಲ್ಲ. ಅವರಿಗೆ ನಾವು ಯಾರು ಅಂತಲೂ ಗೊತ್ತಿಲ್ಲ. ಅವ್ವ ಎದ್ದದ್ದು ಅವರ ಮಾತಿಗಲ್ಲ, ಐವತ್ತು ವರ್ಷದ ರೂಢಿಗೆ. ಗೌಡ ಬಂದ್ರೆ ಕಟ್ಟೆಯಿಂದ ಎದ್ದವಳು, ಬಸ್ಸಿನಾಗ ಸೀಟಿದ್ದರೂ ನೆಲಕ್ಕೆ ಕೂತವಳು. ಕಾನೂನು ಬದಲಾದ್ರೂ ಮೊಣಕಾಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

"ಕೂಡು ಅವ್ವ. ಇದು ನಿನ್ನ ನಂಬರು" ಅಂದೆ. ಹಿರಿಯರಿಗೆ ಸಮಾಧಾನದಿಂದಲೇ ಇಲ್ಲ ಅಂದೆ. ಅವರು ಹೋದರು. ಅಷ್ಟೇ. ಆದ್ರೆ ನನ್ನ ಕೈ ನಡುಗ್ತಿತ್ತು.

ವಿಮಾನ ಏರಿತು. ಬೀದರ್‌ನ ಕೆಂಪು ನೆಲ ಮುಗಿದು ಕಪ್ಪು ನೆಲ ಶುರುವಾಗೋದು ಕಾಣ್ತು. ದೂರದಾಗ ಕಾರಂಜಾ ನೀರು ತಗಡಿನಂಗ ಮಿಂಚ್ತು. ಹೊಲದ ನಡುವೆ ಊರುಗಳು. ಅವ್ವ ಗಾಜಿಗೆ ಹಣೆ ಹಚ್ಚಿ ಒಂದು ಊರು ತೋರಿಸಿದಳು. ಮನೆಗಳ ಒಂದು ದೊಡ್ಡ ಗುಂಪು, ಆಮೇಲೆ ಖಾಲಿ ಜಾಗ, ಆಮೇಲೆ ಸಣ್ಣ ಗುಂಪು. "ಅಕಾ ನೋಡು, ಅದು ನಮ್ಮವರ ಓಣಿ."

ಅದು ಯಾವ ಊರು ಅಂತ ಅವಳಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಓಣಿ ಮಾತ್ರ ಗುರುತು ಸಿಕ್ತು. ಅಷ್ಟು ಎತ್ತರದಿಂದ ಮನುಷ್ಯರು ಕಾಣಲ್ಲ, ಎತ್ತು ಕಾಣಲ್ಲ, ಗುಡಿ ಕಳಸ ಕಾಣಲ್ಲ. ಆ ಖಾಲಿ ಜಾಗ ಕಾಣ್ತದ.

ಅದು ಸೇನೆಯ ನೆಲೆ, ಫೋಟೋ ತೆಗೆಯಂಗಿಲ್ಲ. ಅದಕ್ಕೇ ಈ ಪೋಸ್ಟಿಗೆ ಚಿತ್ರ ಇಲ್ಲ.

ನಿಮ್ಮ ಅವ್ವ-ಅಪ್ಪನ್ನ ಮೊದಲ ಸಲ ವಿಮಾನ ಹತ್ತಿಸೋರಿಗೆ ಇಷ್ಟೇ ಹೇಳೋದು. ರೆಕ್ಕೆಗಿಂತ ಮುಂದಿನ ಸಾಲು ಹಿಡೀರಿ. ಸೂರ್ಯ ಯಾವ ಕಡೆ ನೋಡ್ರಿ. ಕಿಟಕಿಗೆ ಜಾಸ್ತಿ ದುಡ್ಡು ಕೇಳಿದ್ರೆ, ಕೌಂಟರಿನಲ್ಲಿ "ಕಿಟಕಿ ಖಾಲಿ ಇದೆಯಾ" ಅಂತ ಸಂಕೋಚ ಇಲ್ಲದೆ ಕೇಳ್ರಿ. ಮತ್ತೆ ಮನೆಯಿಂದ ಹೊರಡೋ ಮೊದಲೇ ಅವರಿಗೆ ಹೇಳ್ರಿ: ಯಾರೇ ಬಂದ್ರೂ ಏಳಬ್ಯಾಡ್ರಿ.

ವಾಪಸ್ ಬರುವಾಗ ವಿಮಾನ ಉತ್ತರಕ್ಕೆ, ನಮ್ಮ ಸೀಮೆ ಎಡಗಡೆ. ಎಡಗಡೆ ಒಂಟಿ ಸೀಟು, ನಾನು ಪಕ್ಕದಲ್ಲಿ ಇರೋಕಾಗಲ್ಲ. "ಇರ್ಲಿ ಬಿಡು, ನಾ ಒಬ್ಬಾಕೆ ಕೂಡ್ತೀನಿ" ಅಂದಳು. ಕೂತಳು.

ಜೈ ಭೀಮ್.