ಹಾವಿಯೆರ್ ಕೋಟೆಯ ಮುಗುಳ್ನಗೆ

ಗೋವೆಯ ಬೊಂ ಜೆಸು ಮಹಾದೇವಾಲಯದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಬೆಳ್ಳಿಯ ಸಂಪುಟದೆದುರು ನೀವೂ ಒಮ್ಮೆ ಕೈಜೋಡಿಸಿ ನಿಂತಿರಬಹುದು. ಅವರು 1506ರ ಏಪ್ರಿಲ್ 7ರಂದು ಜನಿಸಿದ ಮನೆಯನ್ನು ಕಾಣುವ ಭಾಗ್ಯ ನನಗೆ ಒದಗಿತು. ಮನೆಯೆಂದರೆ ಸಾಮಾನ್ಯ ಮನೆಯಲ್ಲ. ಸ್ಪೇನಿನ ನವಾರಾ ಪ್ರಾಂತ್ಯದಲ್ಲಿ ಬಂಡೆಯ ಮೇಲೆ ನಿಂತ ಹಾವಿಯೆರ್ ಕೋಟೆ. ಆ ಊರಿನ ಹೆಸರೇ ನಮ್ಮ ಬಾಯಲ್ಲಿ ಕ್ಸೇವಿಯರ್ ಆಗಿದೆ.

ಕಲ್ಲಿನ ಕೊಠಡಿಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಇಂದು ಕಾಣುವುದರಲ್ಲಿ ಬಹುಭಾಗ 19ನೆಯ ಶತಮಾನದ ಕೊನೆಯಿಂದೀಚೆಗೆ ನಡೆದ ಜೀರ್ಣೋದ್ಧಾರ. ಅದಕ್ಕೆ ಕಾರಣವುಂಟು. 1512ರಲ್ಲಿ ಕ್ಯಾಸ್ಟೀಲಿನ ಪಡೆ ನವಾರಾ ರಾಜ್ಯವನ್ನು ವಶಪಡಿಸಿಕೊಂಡಿತು. 1515ರಲ್ಲಿ ಫ್ರಾನ್ಸಿಸರ ತಂದೆ ತೀರಿಕೊಂಡರು. ಮರುವರ್ಷ ಕಾರ್ಡಿನಲ್ ಸಿಸ್ನೆರೋಸರ ಆಜ್ಞೆಯಂತೆ ಗೋಪುರಗಳನ್ನು ಮೊಟಕುಗೊಳಿಸಿ, ಹೊರಗೋಡೆಗಳನ್ನು ಕೆಡವಿ, ಕಂದಕವನ್ನು ಮುಚ್ಚಿದರು. ಆಜ್ಞೆಯಿತ್ತವರು ಧರ್ಮಸಭೆಯ ಹಿರಿಯರೇ ಎಂಬುದನ್ನು ನಾವು ಮರೆಮಾಚಬೇಕಿಲ್ಲ. ತಂದೆಯಿಲ್ಲದ ಹತ್ತು ವರ್ಷದ ಬಾಲಕನ ಮನೆಯ ಮೇಲೆ ಬಿದ್ದ ಪೆಟ್ಟು ಅದು.

ಪುಟ್ಟ ಪ್ರಾರ್ಥನಾಲಯದ ಗೋಡೆಗಳ ಮೇಲೆ ಅಸ್ಥಿಪಂಜರಗಳ ಮೃತ್ಯುನರ್ತನದ ಚಿತ್ರಗಳು. ಅವುಗಳ ನಡುವೆ ಅಕ್ರೋಟು ಮರದಲ್ಲಿ ಕೆತ್ತಿದ ಶಿಲುಬೆಯ ಯೇಸು. ಹತ್ತಿರ ಹೋಗಿ ನೋಡಿದರೆ ಆ ಮುಖದಲ್ಲಿ ಮುಗುಳ್ನಗೆ! ಅಲ್ಲಿಂದ ಕಾಲು ಕೀಳಲು ನನಗೆ ಮನಸ್ಸಾಗಲಿಲ್ಲ.

1521ರಲ್ಲಿ ಫ್ರಾನ್ಸಿಸರ ಅಣ್ಣಂದಿರು ನವಾರಾದ ಬಿಡುಗಡೆಗಾಗಿ ಆಯುಧ ಹಿಡಿದರು. ಅದೇ ಯುದ್ಧದಲ್ಲಿ ಎದುರು ಪಕ್ಷಕ್ಕಾಗಿ ಪಾಂಪ್ಲೋನಾ ಕೋಟೆಯನ್ನು ಕಾಯುತ್ತಾ ಕಾಲು ಮುರಿದುಕೊಂಡ ಯೋಧ ಇಗ್ನಾಸಿಯುಸ್ ಲೊಯೋಲ. 1529ರಲ್ಲಿ ಪ್ಯಾರಿಸ್ಸಿನ ವಿದ್ಯಾಲಯದಲ್ಲಿ ಕುಂಟುತ್ತಾ ಬಂದು ಫ್ರಾನ್ಸಿಸರ ಕೋಣೆಯನ್ನೇ ಹಂಚಿಕೊಂಡವರೂ ಅವರೇ. ಫ್ರಾನ್ಸಿಸ್ ಒಡನೆಯೇ ಒಲಿಯಲಿಲ್ಲ. ಒಲಿದ ಮೇಲೆ ಆ ಶತ್ರುಪಕ್ಷದವನನ್ನೇ ಆತ್ಮದ ತಂದೆಯೆಂದು ಕರೆದರು. ಮುಂದೆ ಪೂರ್ವದೇಶಗಳಲ್ಲಿ ಅಲೆಯುವಾಗ ಸಂಗಾತಿಗಳ ಪತ್ರಗಳಿಂದ ಅವರ ಸಹಿಗಳನ್ನು ಕತ್ತರಿಸಿ ಕೊರಳಲ್ಲಿ ಕಟ್ಟಿಕೊಂಡಿದ್ದರು.

ಪಾಲಾದ ಮೇಲೆ ಅಣ್ಣನ ಮನೆಗೂ ನನ್ನ ಮನೆಗೂ ನಡುವೆ ಎದ್ದ ಗೋಡೆ ಒಂದಾಳೆತ್ತರದ್ದು. ಹನ್ನೊಂದು ವರ್ಷ ಮಾತಿಲ್ಲ. ನಿಮ್ಮ ಓಣಿಯಲ್ಲೂ ಅಂಥದೊಂದು ಗೋಡೆ ಇದ್ದೀತು.

ಕೋಟೆಯ ಮುಂದಿನ ಉದ್ಯಾನದಲ್ಲಿ ಮರದ ನೆರಳಿಗೆ ಕುಳಿತು, ಆ ಶಿಲುಬೆಯ ಚಿತ್ರವಿದ್ದ ಕಾರ್ಡಿನ ಮೇಲೆ ಅಣ್ಣನ ವಿಳಾಸ ಬರೆದೆ. ಪಕ್ಕದ ಮನೆಗೆ ಸ್ಪೇನಿನಿಂದ ಅಂಚೆ! ಏನು ಬರೆಯಬೇಕೆಂದು ತೋಚದೆ, ಬಾಲ್ಯದಲ್ಲಿ ಅವನು ಮಾತ್ರ ಕರೆಯುತ್ತಿದ್ದ ನನ್ನ ಹೆಸರನ್ನಷ್ಟೇ ಬರೆದು ಅಂಚೆಗೆ ಹಾಕಿದೆ.