ಹದ್ದು, ಮುಂಗುಸಿ ಮತ್ತು ಚಂದ್ರಬಂಡದ ಹಿತ್ತಲ ಕೋಳಿ

ರಾಯಚೂರಿನ ಮಾತು ಬಂದರೆ ಎಲ್ಲರೂ ಮೊದಲು ಬಿಸಿಲಿನ ಸುದ್ದಿಯನ್ನೇ ಎತ್ತುತ್ತಾರೆ. ಈ ಊರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಅಂತ ತಮಾಷೆ ಮಾಡುವವರೂ ಉಂಟು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವುದು ದೊಡ್ಡ ಸುದ್ದಿಯೇ ಅಲ್ಲ. ಆದರೆ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ಎರಡರ ನಡುವೆ ಹರಡಿಕೊಂಡ ಈ ಎಡೆದೊರೆ ನಾಡಿನಲ್ಲಿ ನಾವು ಗೃಹಿಣಿಯರು ನೋಡಿ ಕಲಿಯುವಂಥದ್ದು ಬೇರೆಯೂ ಇದೆ.

ರಾಯಚೂರಿಗೆ ಬಂದವರು ಕೋಟೆ ನೋಡುತ್ತಾರೆ, 1294ರ ಶಾಸನವಿರುವ ಆ ಉದ್ದನೆಯ ಕಲ್ಲು ನೋಡುತ್ತಾರೆ, ಬಸ್ಸು ಹತ್ತಿ ಹಿಂದಿರುಗುತ್ತಾರೆ. ಹಾಗೆ ಮಾಡದೆ ತೆಲಂಗಾಣದ ಗಡಿಯ ಕಡೆಗೆ ಸ್ವಲ್ಪ ದೂರ ಹೋದರೆ ಚಂದ್ರಬಂಡ ಸಿಗುತ್ತದೆ. ರಾಯಚೂರು ತಾಲೂಕಿನದೇ ಹೋಬಳಿ ಊರು. ಬಂಡ ಎಂದರೆ ತೆಲುಗಿನಲ್ಲಿ ಬಂಡೆ. 1956ರ ತನಕ ಈ ಸೀಮೆಯೆಲ್ಲ ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ ಕನ್ನಡದ ಜೊತೆಗೆ ತೆಲುಗು, ಉರ್ದು ಎರಡೂ ಜನರ ಬಾಯಲ್ಲಿ ಸಲೀಸು. ಸಂತೆಗೆ ಬಂದ ಒಂದೇ ಹೇಂಟೆ ಒಬ್ಬರಿಗೆ ಕೋಳಿ, ಇನ್ನೊಬ್ಬರಿಗೆ ಕೋಡಿ, ಮತ್ತೊಬ್ಬರಿಗೆ ಮುರ್ಗಿ!

ಈ ಬರಹ ಆ ಕೋಳಿಯದೇ. ಹತ್ತಿ, ತೊಗರಿ, ಜೋಳದ ಹೊಲಗಳು, ಮಧ್ಯೆ ಮಧ್ಯೆ ಕಲ್ಲುಗುಡ್ಡಗಳು, ಎಲ್ಲೆಂದರಲ್ಲಿ ಬೆಳೆದು ನಿಂತ ಬಳ್ಳಾರಿ ಜಾಲಿ, ಇವುಗಳ ನಡುವಿನ ಊರುಗಳಲ್ಲಿ ನಾಲ್ಕು ಜವಾರಿ ಕೋಳಿ ಸಾಕುವುದು ಹೆಂಗಸರ ಕಾರಭಾರು. ಹೊಲದ ಬೆಳೆ ಗಂಡಸರ ಲೆಕ್ಕಕ್ಕೆ ಹೋದರೂ ಕೋಳಿ ಮಾರಿದ ದುಡ್ಡು ಸಾಮಾನ್ಯವಾಗಿ ಮನೆಯಾಕೆಯ ಸೆರಗಿನ ಗಂಟಿಗೇ ಬರುತ್ತದೆ. ಮಗಳ ಪುಸ್ತಕ, ಮಗುವಿನ ಔಷಧಿ, ತವರಿಗೆ ಹೋಗುವ ಬಸ್ ಚಾರ್ಜು, ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಹಣ ಅದು. ಹೀಗಿರುವಾಗ ಮೊಟ್ಟೆಗೆ ಬಂದ ಹೇಂಟೆಯನ್ನು ಮುಂಗುಸಿ ಹೊತ್ತುಕೊಂಡು ಹೋದರೆ ನಷ್ಟ ಯಾರಿಗೆ ಅಂತ ಬೇರೆ ಹೇಳಬೇಕೇ?

ಕಟ್ಟಿಹಾಕಲೂ ಆಗದು, ಬಿಟ್ಟುಬಿಡಲೂ ಆಗದು

ಹಾಗಾದರೆ ಗೂಡಿನಲ್ಲೇ ಕೂಡಿಹಾಕಿ ಸಾಕಿದರಾಯಿತಲ್ಲ ಎನ್ನುತ್ತೀರಾ? ರಾಯಚೂರಿನ ಬಿಸಿಲಿನಲ್ಲಿ ಅದು ನಡೆಯುವ ಮಾತಲ್ಲ. ಕೋಳಿಗೆ ಬೆವರಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ರೆಕ್ಕೆ ಅಗಲಿಸಿ, ಅದು ತನ್ನ ಮೈ ತಂಪು ಮಾಡಿಕೊಳ್ಳಬೇಕು. ತಗಡಿನ ಮಾಡಿನ ಇಕ್ಕಟ್ಟು ಗೂಡಿನಲ್ಲಿ ಮೇ ತಿಂಗಳ ಮಧ್ಯಾಹ್ನ ಕೂಡಿಟ್ಟರೆ ಹದ್ದು, ಮುಂಗುಸಿ ಬರುವುದೇ ಬೇಡ, ಸೆಕೆಯೇ ಸಾಕು. ಅದರ ಮೇಲೆ ಕೂಡಿಹಾಕಿದ ಕೋಳಿಗೆ ಪ್ರತಿ ಕಾಳನ್ನೂ ನಾವೇ ಕೊಂಡು ಹಾಕಬೇಕು. ಹೊರಗೆ ಬಿಟ್ಟರೆ ಗೆದ್ದಲು, ಹುಳ, ಹುಲ್ಲಿನ ಬೀಜ, ಎಸೆದ ಅನ್ನ ಎಲ್ಲ ಆರಿಸಿಕೊಂಡು ಅರ್ಧ ಹೊಟ್ಟೆ ತಾನೇ ತುಂಬಿಸಿಕೊಳ್ಳುತ್ತದೆ. ಕೋಳಿ ಕಾಲಿಗೆ ಗೆಜ್ಜೆ ಕಟ್ಟಿದರೆ ತಿಪ್ಪೆ ಕೆದರುವುದು ಬಿಟ್ಟೀತೆ ಅಂತ ಗಾದೆಯೇ ಇದೆಯಲ್ಲ!

ಆದ್ದರಿಂದ ಬಿಡಲೇಬೇಕು. ಆದರೆ ಬಿಡುವುದೇ ಬೇರೆ, ಹೇಗಾದರೂ ಇರಲಿ ಅಂತ ಬಿಟ್ಟುಬಿಡುವುದೇ ಬೇರೆ. ಯಾವ ಹೊತ್ತಿಗೆ ಬಿಡಬೇಕು, ಎಂಥ ಜಾಗಕ್ಕೆ ಬಿಡಬೇಕು, ಯಾವಾಗ ಒಳಗೆ ಕರೆಯಬೇಕು, ಈ ಮೂರನ್ನು ಹಿಡಿತದಲ್ಲಿ ಇಟ್ಟುಕೊಂಡರೆ ಕೋಳಿ ಸ್ವತಂತ್ರವಾಗಿಯೂ ಇರುತ್ತದೆ, ಜೀವಂತವಾಗಿಯೂ ಇರುತ್ತದೆ.

ಕಳ್ಳನ ಗುರುತು

ಮೊದಲು ವೈರಿ ಯಾರೆಂದು ತಿಳಿದಿರಬೇಕು. ಎಲ್ಲಕ್ಕೂ ನಾಯಿಯನ್ನೇ ಬೈದರೆ ಪ್ರಯೋಜನವಿಲ್ಲ. ಒಂದೊಂದು ಪ್ರಾಣಿಗೆ ಒಂದೊಂದು ಹೊತ್ತು, ಒಂದೊಂದು ರೀತಿ.

ಹದ್ದು, ಗಿಡುಗ, ಕಾಗೆ ಹಗಲಿನವು. ಇವು ಎರಗುವುದು ಹೆಚ್ಚಾಗಿ ಮರಿಗಳ ಮೇಲೆ. ಬಯಲಿನಲ್ಲಿದ್ದ ಮರಿ ಒಂದು ಕ್ಷಣದಲ್ಲಿ ಮಾಯ. ನೆಲದ ಮೇಲೆ ರಕ್ತವಿಲ್ಲ, ಗರಿಯೂ ಇಲ್ಲ. ಮುಂಗುಸಿಯೂ ಹಗಲಿನ ಬೇಟೆಗಾರನೇ. ಬೇಲಿಯ ಬುಡ, ಕಲ್ಲಿನ ರಾಶಿ, ಜಾಲಿಯ ಪೊದೆ ಅದರ ದಾರಿ. ಕುತ್ತಿಗೆ, ತಲೆಗೆ ಬಾಯಿ ಹಾಕುತ್ತದೆ. ಗೂಡಿನೊಳಗೆ ನುಗ್ಗಿತೆಂದರೆ ಒಂದಕ್ಕೇ ನಿಲ್ಲಿಸದೆ ಮೂರು ನಾಲ್ಕನ್ನು ಕೊಂದುಹಾಕುವುದೂ ಉಂಟು. ನಾಯಿ ಹಿಡಿದರೆ ಅಂಗಳದ ತುಂಬ ಗರಿ ಚೆಲ್ಲಾಡಿರುತ್ತದೆ. ಕಾಡುಬೆಕ್ಕು, ನರಿ ಕತ್ತಲಾದ ಮೇಲೆ ಇಲ್ಲವೆ ನಸುಕಿನಲ್ಲಿ ಬಂದು ಇಡೀ ಕೋಳಿಯನ್ನೇ ಎತ್ತಿಕೊಂಡು ಹೋಗುತ್ತವೆ. ಮೊಟ್ಟೆ ಮಾತ್ರ ಮಾಯವಾಗಿ, ಚಿಪ್ಪಿನ ಚೂರೂ ಕಾಣದಿದ್ದರೆ ಹಾವಿನ ಮೇಲೆ ಅನುಮಾನ ಪಡಿ. ರಾತ್ರಿ ಗೂಡಿನ ಮೂಲೆಯಲ್ಲಿ ಬಿಲ ಬಿದ್ದು ಮರಿ ಕಡಿಮೆಯಾಗಿದ್ದರೆ ಅದು ಹೆಗ್ಗಣದ ಕೆಲಸ.

ಇಷ್ಟು ತಿಳಿದರೆ ಅರ್ಧ ಕೆಲಸ ಆದಂತೆ. ಆಕಾಶದಿಂದ ಬರುವವನಿಗೆ ಮರೆ ಬೇಕು. ನೆಲದಿಂದ ಬರುವವನಿಗೆ ಬಯಲು ಬೇಕು. ರಾತ್ರಿ ಬರುವವನಿಗೆ ಗಟ್ಟಿ ಬಾಗಿಲು ಬೇಕು.

ಹುಂಜದ ಮಾತು ಕೇಳಿ

ಹೇಂಟೆಗಳ ಜೊತೆ ಒಂದು ಒಳ್ಳೆಯ ಹುಂಜ ಇರಲಿ. ಅದು ಬೆಳಗಾಗ ಕೂಗುವುದಕ್ಕೆ ಮಾತ್ರ ಅಲ್ಲ, ಕಾವಲಿಗೂ ಬೇಕು. ಹುಂಜ ಆಗಾಗ ತಲೆ ಓರೆ ಮಾಡಿ ಒಂದೇ ಕಣ್ಣಿನಲ್ಲಿ ಆಕಾಶ ನೋಡುವುದನ್ನು ನೀವೂ ಗಮನಿಸಿರಬಹುದು. ಮೇಲೆ ಹದ್ದು ಕಂಡರೆ ಅದು ಕೂಗುವ ರೀತಿಯೇ ಬೇರೆ. ಸಣ್ಣ ದನಿಯಲ್ಲಿ ಉದ್ದಕ್ಕೆ ಎಳೆದಂತೆ ಇರುತ್ತದೆ. ಕೇಳಿದೊಡನೆ ಹೇಂಟೆ, ಮರಿಗಳೆಲ್ಲ ಪೊದೆಗೆ ನುಗ್ಗುತ್ತವೆ, ಇಲ್ಲವೇ ಇದ್ದಲ್ಲೇ ಅಡಗಿ ಕೂರುತ್ತವೆ. ನೆಲದ ಮೇಲೆ ನಾಯಿ, ಮುಂಗುಸಿ ಕಂಡಾಗ ಮಾತ್ರ ಕಟಕಟ ಅಂತ ಬಿಡದೆ ಜೋರಾಗಿ ಗಲಾಟೆ ಎಬ್ಬಿಸುತ್ತದೆ. ಆಗ ಉಳಿದವು ಕತ್ತು ನಿಮಿರಿಸಿ ಸುತ್ತ ನೋಡುತ್ತವೆ. ಪಕ್ಷಿಗಳ ನಡವಳಿಕೆ ಅಭ್ಯಾಸ ಮಾಡಿದ ವಿಜ್ಞಾನಿಗಳು ಈ ಎರಡು ಕೂಗಿಗೂ ಬೇರೆ ಬೇರೆ ಅರ್ಥವಿದೆ ಎಂದು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತಾಕೆಗೆ ಈ ವ್ಯತ್ಯಾಸ ಕಿವಿಗೆ ಹತ್ತಿದರೆ, ಎದ್ದು ಹೋಗಿ ಮೇಲೆ ನೋಡಬೇಕೋ ಬೇಲಿ ನೋಡಬೇಕೋ ಅಂತ ಗೊತ್ತಾಗಿಬಿಡುತ್ತದೆ.

ಹಿತ್ತಲು ಹೇಗಿರಬೇಕು?

ಹದ್ದು ಎರಗಲು ಬಯಲು ಬೇಕು. ಬೇವಿನ ಮರ, ನುಗ್ಗೆ, ಅವರೆಯ ಚಪ್ಪರ ಇದ್ದ ಹಿತ್ತಲಲ್ಲಿ ಅದರ ಆಟ ಅಷ್ಟು ನಡೆಯದು. ಮರ ಇಲ್ಲದ ಕಡೆ ಹತ್ತಿಕಟ್ಟಿಗೆ ಹೊದಿಸಿದ ಮೊಣಕಾಲೆತ್ತರದ ಎರಡು ಚಪ್ಪರ ಮಾಡಿ. ಮರಿಗಳಿಗೆ ಓಡಿ ಅಡಗಲೂ ಆಯಿತು, ಬಿಸಿಲಿಗೆ ನೆರಳೂ ಆಯಿತು. ನೀರಿನ ಮಣ್ಣಿನ ಪರಿಯಾಣವನ್ನು ಅದರಡಿಯಲ್ಲೇ ಇಡಿ. ಹಿತ್ತಲ ಮೇಲೆ ಅಡ್ಡಡ್ಡ ಹುರಿ ಕಟ್ಟಿ ಬಟ್ಟೆಯ ಚೂರು ಜೋತುಬಿಟ್ಟರೆ ಹದ್ದಿಗೆ ನೇರವಾಗಿ ಇಳಿಯಲು ತೊಡಕು. ದೂರದ ಕೀನ್ಯಾ ದೇಶದ ಹಳ್ಳಿಗಳಲ್ಲಿ ಹದ್ದು ಬೆದರಲಿ ಅಂತ ಮರಿಗಳಿಗೆ ನೇರಳೆ ಬಣ್ಣವನ್ನೇ ಬಳಿಯುತ್ತಾರಂತೆ. ಹೆಂಗಸರ ಜಾಣ್ಮೆ ಎಲ್ಲಿ ಹೋದರೂ ಒಂದೇ!

ಮುಂಗುಸಿಗೆ ಮಾತ್ರ ಇದರ ತಿರುಗುಮುರುಗು. ಅದಕ್ಕೆ ಮರೆ ಸಿಗಬಾರದು. ಬೇಲಿಗೆ ಜಾಲಿಮುಳ್ಳು ಒಟ್ಟುವುದು ಈ ಕಡೆಯ ರೂಢಿ. ನಾಯಿ, ದನಗಳಿಗೆ ಅದು ತಡೆಯೇ, ಆದರೆ ಮುಂಗುಸಿ ಅದರಡಿಯಲ್ಲೇ ನುಸುಳುತ್ತದೆ. ಆದ್ದರಿಂದ ಬೇಲಿಯ ಬುಡದ ಹುಲ್ಲು ಕಿತ್ತು, ಕಲ್ಲು, ಕಟ್ಟಿಗೆ ರಾಶಿಯನ್ನು ಗೂಡಿನಿಂದ ದೂರ ಹಾಕಿ, ಗೂಡಿನ ಸುತ್ತ ಏಳೆಂಟು ಅಡಿ ನೆಲವನ್ನು ಚೊಕ್ಕಟವಾಗಿ ಗುಡಿಸಿಡಿ. ಬಯಲು ದಾಟಿ ಬರುವ ಮುಂಗುಸಿ ಹುಂಜದ ಕಣ್ಣಿಗೆ ಬೀಳದೆ ಇರದು.

ಹೊತ್ತು ಮತ್ತು ಕರೆ

ಬೆಳಕು ಹರಿಯುವ ಮೊದಲೇ ಗೂಡು ತೆರೆಯುವ ಅಭ್ಯಾಸ ಒಳ್ಳೆಯದಲ್ಲ. ನರಿ, ಕಾಡುಬೆಕ್ಕು ಇನ್ನೂ ತಿರುಗುವ ಹೊತ್ತು ಅದು. ಚೆನ್ನಾಗಿ ಬೆಳಗಾದ ಮೇಲೆ ಬಿಡಿ. ಬೇಸಿಗೆಯಲ್ಲಿ ಹತ್ತರ ನಂತರ ಕೋಳಿಗಳೇ ನೆರಳು ಹುಡುಕುತ್ತವೆ, ಸಂಜೆ ನಾಲ್ಕೂವರೆಯ ಮೇಲೆ ಮತ್ತೆ ಮೇಯುತ್ತವೆ. ಕತ್ತಲಾದರೆ ಕೋಳಿಗೆ ಕಣ್ಣು ಸರಿಯಾಗಿ ಕಾಣದು. ಅದಕ್ಕೇ ದೀಪ ಹಚ್ಚುವ ಹೊತ್ತಿಗೆ ಮುಂಚೆಯೇ ಒಳಗೆ ಬರಬೇಕು.

ಬಾ ಅಂದರೆ ಬರುತ್ತವೆಯೇ? ಬರುತ್ತವೆ, ಕಲಿಸಿದರೆ. ದಿನಾ ಸಂಜೆ ಒಂದೇ ಹೊತ್ತಿಗೆ, ಒಂದೇ ಕೂಗು ಹಾಕಿ, ಗೂಡಿನ ಬಾಯಲ್ಲಿ ಒಂದು ಹಿಡಿ ಸಜ್ಜೆ ಅಥವಾ ಜೋಳದ ನುಚ್ಚು ಚೆಲ್ಲಿ. ಹೊಸದಾಗಿ ತಂದ ಕೋಳಿಗಳನ್ನು ಮೊದಲ ಒಂದು ವಾರ ಗೂಡಿನಲ್ಲೇ ಇಟ್ಟು ಇದೇ ಕರೆಗೆ ಕಾಳು ಹಾಕಿದರೆ, ಬಿಟ್ಟ ಮೇಲೂ ಮನೆ ಮರೆಯುವುದಿಲ್ಲ. ಕಾಳು ತಿನ್ನುವಾಗ ಎಣಿಸುವುದನ್ನು ಮರೆಯಬೇಡಿ. ಒಂದು ಕಡಿಮೆಯಾದರೆ ಅಂದೇ ಹುಡುಕಬೇಕು. ಎಲ್ಲೋ ಪೊದೆಯಲ್ಲಿ ಕಳ್ಳ ಮೊಟ್ಟೆಗೆ ಕೂತಿದ್ದರೂ ಕೂತಿರಬಹುದು.

ಗೂಡಿನ ಕಟ್ಟು

ಗೂಡಿಗೆ ಮಣ್ಣಿನ ನೆಲವಿದ್ದರೆ ಹೆಗ್ಗಣ ಕೊರೆಯುತ್ತದೆ. ಈ ಸೀಮೆಯಲ್ಲಿ ಫರಸಿ ಕಲ್ಲಿಗೆ ಬರವಿಲ್ಲ. ಒಡೆದ ಫರಸಿಯನ್ನೇ ಹಾಸಿ ಸಂದಿಗೆ ಗಾರೆ ತುಂಬಿ. ಗಾಳಿಕಿಂಡಿಗೆ ಕೋಳಿಜಾಲರಿ ಹಾಕುವವರು ಒಂದು ಮಾತು ನೆನಪಿಡಿ. ಆ ಆರು ಮೂಲೆಯ ತೆಳು ತಂತಿ ಕೋಳಿ ಹೊರಗೆ ಹೋಗದಂತೆ ತಡೆದೀತೇ ಹೊರತು, ನಾಯಿ ಹರಿಯದಂತೆ, ಹಾವು ನುಸುಳದಂತೆ ತಡೆಯದು. ಅರ್ಧ ಅಂಗುಲಕ್ಕಿಂತ ದೊಡ್ಡ ಕಣ್ಣಿರದ, ಬೆಸುಗೆ ಹಾಕಿದ ಗಟ್ಟಿ ಜಾಲರಿಯೇ ಬೇಕು. ಒಳಗೆ ಎರಡು ಮೂರು ಅಡಿ ಎತ್ತರದಲ್ಲಿ ಕೂರಲು ಒಂದು ಗಳ, ಬಾಗಿಲಿಗೆ ತಿರುಗಣೆಯ ಬದಲು ಕೊಂಡಿ ಚಿಲಕ. ತಗಡಿನ ಮಾಡಾದರೆ ಮೇಲೆ ಹುಲ್ಲೋ ಹತ್ತಿಕಟ್ಟಿಗೆಯೋ ದಪ್ಪವಾಗಿ ಹೊದಿಸಿ.

ಮರಿಗಳ ಮೊದಲ ಎರಡು ತಿಂಗಳು

ಕಾವು ಕೂತ 21ನೆಯ ದಿನಕ್ಕೆ ಮರಿ ಒಡೆಯುತ್ತವೆ. ಅಲ್ಲಿಂದ ಆರರಿಂದ ಎಂಟು ವಾರ ದಾಟಿಸುವುದೇ ದೊಡ್ಡ ಕೆಲಸ. ಮೊದಲ ವಾರಗಳಲ್ಲಿ ತಾಯಿ ಮರಿಗಳನ್ನು ದೊಡ್ಡ ಬಿದಿರು ಪುಟ್ಟಿಯ ಅಡಿಯಲ್ಲಿಟ್ಟು, ಮೇಲೆ ಕಲ್ಲು ಹೇರಿ, ನೀವು ಅಂಗಳದಲ್ಲೇ ಕೂತು ಅಕ್ಕಿ ಆರಿಸುವ ಹೊತ್ತಿನಲ್ಲಿ ಮಾತ್ರ ಹೊರಗೆ ಬಿಡಿ.

ತಳಿಯ ವಿಚಾರವೂ ಇಲ್ಲಿ ಬರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬೆಳೆಸಿದ ಗಿರಿರಾಜ, ಹೈದರಾಬಾದಿನ ಕೋಳಿ ಸಂಶೋಧನಾ ಕೇಂದ್ರದ ವನರಾಜ ಹಿತ್ತಲಿಗೆಂದೇ ಬಂದ ತಳಿಗಳು. ಜವಾರಿ ಹೇಂಟೆ ವರ್ಷಕ್ಕೆ 50-60 ಮೊಟ್ಟೆ ಇಟ್ಟರೆ ಇವು ಅದಕ್ಕಿಂತ ಹೆಚ್ಚು ಇಡುತ್ತವೆ, ಬೇಗ ತೂಕವೂ ಬರುತ್ತದೆ. ಆದರೆ ಇವಕ್ಕೆ ಕಾವು ಕೂರುವ ಗುಣವಿಲ್ಲ, ಮೈ ಭಾರ. ಜವಾರಿಯೋ ಹಗುರ ಮೈಯದು, ಬೆದರಿದರೆ ಗೋಡೆ ಹಾರುತ್ತದೆ. ಮರಿಯ ತಂಟೆಗೆ ಬಂದ ಕಾಗೆಯ ಮೇಲೆ ಏರಿ ಹೋಗುವ ಧೈರ್ಯ ಅದಕ್ಕೇ ಸೈ. ಹೊಸ ತಳಿ ಬೇಕೆನ್ನುವವರೂ ಒಂದೆರಡು ಜವಾರಿ ಹೇಂಟೆ ಉಳಿಸಿಕೊಳ್ಳಿ. ಗಿರಿರಾಜದ ಮೊಟ್ಟೆಯನ್ನೂ ಅವು ಮರಿ ಮಾಡಿಕೊಡುತ್ತವೆ.

ಇನ್ನೊಂದು ಮಾತು. ಹದ್ದು ಒಂದು ಒಯ್ದೀತು, ಕೊಕ್ಕರೆ ರೋಗ ಬಂದರೆ ಗೂಡೇ ಖಾಲಿ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹಾಕುವ ಲಸಿಕೆಯ ಹನಿ, ಎಂಟು ವಾರದ ಮೇಲೆ ಚುಚ್ಚುಮದ್ದು, ಇವನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ.

ಮನೆಯಲ್ಲಿ ಯಾರೂ ಇಲ್ಲದ ದಿನ

ಈ ಸೀಮೆಯ ಹೆಂಗಸರ ಕಷ್ಟ ಇರುವುದು ಇಲ್ಲೇ. ಹತ್ತಿ ಬಿಡಿಸುವ ಕಾಲದಲ್ಲಿ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದವರು ಬರುವುದು ಹೊತ್ತು ಇಳಿದ ಮೇಲೆ. ಅಂಥ ದಿನಗಳಲ್ಲಿ ಮರಿ, ತಾಯಿ ಎರಡನ್ನೂ ನೀರು ಕಾಳಿನೊಂದಿಗೆ ನೆರಳಿನ ಗೂಡಿನಲ್ಲೇ ಬಿಟ್ಟು, ದೊಡ್ಡ ಕೋಳಿಗಳನ್ನು ಮಾತ್ರ ಹೊರಗೆ ಬಿಡುವುದು ಮೇಲು. ನಾಲ್ಕು ಮನೆಯವರು ಕೂಡಿ ಮನೆಯಲ್ಲಿರುವ ಒಬ್ಬ ಅಜ್ಜಿಗೆ ಎಲ್ಲರ ಹಿತ್ತಲ ಮೇಲೂ ಕಣ್ಣಿಡಲು ಹೇಳಿದರೆ ಇನ್ನೂ ಒಳ್ಳೆಯದು. ವಾರಕ್ಕೆ ನಾಲ್ಕು ಮೊಟ್ಟೆ ಆಕೆಗೆ ಸಲ್ಲಲಿ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುವವರು ಹುಂಜಗಳನ್ನು ಮಾರಿ, ಮರಿ ಮಾಡುವ ಎರಡು ಹೇಂಟೆಗಳನ್ನಾದರೂ ನೆಂಟರಲ್ಲಿ ಬಿಟ್ಟು ಹೋಗಬೇಕು. ತಿರುಗಿ ಬಂದ ಮೇಲೆ ಸಂಸಾರ ಅಲ್ಲಿಂದಲೇ ಶುರು.

ಕೋಳಿ ಕಳಕೊಂಡ ಸಿಟ್ಟಿನಲ್ಲಿ ಸತ್ತ ಕೋಳಿಗೆ ವಿಷ ಸವರಿ ಇಡುವ ಯೋಚನೆ ಮಾತ್ರ ಬೇಡವೇ ಬೇಡ. ಮುಂಗುಸಿ, ನರಿ, ಕಾಡುಬೆಕ್ಕು, ಹದ್ದು ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಕೊಲ್ಲುವುದು ಅಪರಾಧ. ಆ ವಿಷವನ್ನು ಬೀದಿಯ ನಾಯಿ ತಿಂದೀತು, ನಮ್ಮದೇ ಕೋಳಿ ಕುಕ್ಕೀತು, ಆಡುವ ಮಗು ಮುಟ್ಟೀತು. ಹೊಲದ ಇಲಿ, ಹಾವು ಹಿಡಿಯುವುದೂ ಅದೇ ಮುಂಗುಸಿ ಅಲ್ಲವೇ? ಅದರ ಹೊಟ್ಟೆಪಾಡು ಅದಕ್ಕೆ, ನಮ್ಮ ಗೂಡಿನ ಚಿಲಕ ನಮಗೆ.

ನಿಮ್ಮ ಊರಿನಲ್ಲಿ ಚಂದ್ರಬಂಡದಷ್ಟು ಬಯಲು ಇರಲಿಕ್ಕಿಲ್ಲ. ಹಿತ್ತಲು ಹತ್ತು ಹೆಜ್ಜೆಯದೇ ಇರಬಹುದು. ಎರಡು ಹೇಂಟೆ, ಒಂದು ಹುಂಜದಿಂದ ಶುರು ಮಾಡಿ. ಮೊದಲು ಗೂಡು, ಆಮೇಲೆ ಕೋಳಿ. ಈ ಕ್ರಮ ತಪ್ಪಿಸಬೇಡಿ. ಇವತ್ತು ಸಂಜೆ ದೀಪ ಹಚ್ಚುವ ಮೊದಲು ಹಿತ್ತಲಿಗೆ ಹೋಗಿ, ಮುಂಗುಸಿಯ ಕಣ್ಣಿನಿಂದ ಒಮ್ಮೆ ಬೇಲಿಯ ಬುಡವನ್ನು ಬಗ್ಗಿ ನೋಡಿ ಬನ್ನಿ. ಎಷ್ಟು ಸಂದಿಗಳಿವೆ ಅಂತ ಆಗ ಗೊತ್ತಾಗುತ್ತದೆ.