ಬಚ್ಚಲಮನೆಯ ಜೇಡಕ್ಕೆ ನಾಲ್ಕು ಪ್ರಶ್ನೆಗಳು

ಬೋಧನಾಭ್ಯಾಸದ ಎರಡನೇ ವಾರ ಒಂಬತ್ತನೇ ತರಗತಿಗೆ ಸಂಧಿಪದಿಗಳ ಪಾಠ ಮಾಡುತ್ತಿದ್ದೆ. ಕೀಟಕ್ಕೆ ಆರು ಕಾಲು, ಜೇಡಕ್ಕೆ ಎಂಟು; ಕೀಟದ ದೇಹ ಮೂರು ಭಾಗ, ಜೇಡದ್ದು ಶಿರೋವಕ್ಷ ಮತ್ತು ಉದರ ಎಂದು ಎರಡೇ ಭಾಗ. ಮಕ್ಕಳು ಬರೆದುಕೊಂಡರು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ನಮ್ಮನೆ ಬಚ್ಚಲಲ್ಲಿ ಅಂಗೈಯಗಲದ ಜೇಡ ಇದೆ. ಅದು ಮೈಮೇಲೆ ಉಚ್ಚೆ ಹೊಯ್ದರೆ ಗುಳ್ಳೆ ಏಳ್ತವೆ ಅಂತಾರೆ ನಮ್ಮಜ್ಜಿ. ನನ್ನ ತಮ್ಮ ರಾತ್ರಿ ಬಚ್ಚಲಿಗೇ ಹೋಗಲ್ಲ. ಅದು ಯಾವ ಜೇಡ?" ಎಂದು ಕೇಳಿದಳು.

ಎಂಟು ಕಾಲು ಎಂಬ ಉತ್ತರ ಈ ಪ್ರಶ್ನೆಗೆ ಸಾಲದು. ಹಾಗೆಂದು ನೋಡದ ಜೇಡಕ್ಕೆ ಹೆಸರಿಡುವುದೂ ವಿಜ್ಞಾನವಲ್ಲ. "ನೋಡಿಕೊಂಡು ಬಂದು ನೀನೇ ಹೇಳು. ಏನು ನೋಡಬೇಕು ಅಂತ ನಾನು ಹೇಳ್ತೀನಿ" ಎಂದು ಕಪ್ಪುಹಲಗೆಯ ಮೇಲೆ ನಾಲ್ಕು ಪ್ರಶ್ನೆ ಬರೆದೆ. ಬಲೆ ಇದೆಯೇ, ಇದ್ದರೆ ಹೇಗಿದೆ? ಸುಮ್ಮನೆ ಕೂತಾಗ ಕಾಲುಗಳು ಯಾವ ಕಡೆ ಚಾಚಿವೆ? ಹತ್ತಿರ ಹೋದರೆ ಏನು ಮಾಡುತ್ತದೆ? ಕಣ್ಣುಗಳು ಕಾಣುತ್ತವೆಯೇ? ಮುಟ್ಟಬಾರದು, ಕೊಲ್ಲಬಾರದು ಎಂಬುದು ನಿಯಮ. ಇಡೀ ತರಗತಿಗೆ ಅದೇ ಮನೆಗೆಲಸ.

ಬಣ್ಣವನ್ನು ಬೇಕೆಂದೇ ಬಿಟ್ಟಿದ್ದೆ. ಕಂದು ಬಣ್ಣದ ಜೇಡಗಳು ಲೆಕ್ಕವಿಲ್ಲದಷ್ಟಿವೆ. ಒಂದೇ ಪ್ರಭೇದದಲ್ಲಿ ಗಂಡಿನ ಬಣ್ಣ ಬೇರೆ, ಹೆಣ್ಣಿನದು ಬೇರೆ ಇರುವುದುಂಟು. ಮನೆಯಲ್ಲಿ ಬರಿಗಣ್ಣಿನಿಂದ ಗುರುತಿಸುವಾಗ ಮೈಕಟ್ಟು, ನಡವಳಿಕೆಗಳೇ ಹೆಚ್ಚು ನಂಬಿಕೆಗೆ ಅರ್ಹ.

ಮರುದಿನ ಬಂದ ವರದಿಗಳನ್ನು ಮಕ್ಕಳೇ ಮೂರು ಗುಂಪು ಮಾಡಿದರು. ಮೊದಲನೆಯದು ಸೂರಿನ ಮೂಲೆ, ಮಂಚದ ಕೆಳಗಿನದು. ಅಡ್ಡಾದಿಡ್ಡಿ ಬಲೆ, ಕೂದಲೆಳೆಯಂಥ ಉದ್ದ ಕಾಲುಗಳು, ಬಲೆ ಅಲುಗಿದರೆ ಮೈಯನ್ನೆಲ್ಲ ಗಿರಗಿರನೆ ಆಡಿಸುತ್ತದೆ. ಇದು ಫೋಲ್ಸಿಡೇ ಕುಟುಂಬ. "ಬಾಯಲ್ಲಿ ಸಾಬಕ್ಕಿ ಗೊಂಚಲು ಕಚ್ಚಿಕೊಂಡಿತ್ತು" ಎಂದ ಒಬ್ಬ. ಅದು ತಾಯಿ ಹೊತ್ತ ಮೊಟ್ಟೆಗಳು. ಎರಡನೆಯದಕ್ಕೆ ಬೇಟೆಯಾಡಲು ಬಲೆ ಬೇಕಿಲ್ಲ. ಬಿಸಿಲು ಬೀಳುವ ಕಿಟಕಿಯಲ್ಲಿ ನೊಣದ ಹಿಂದೆ ಬೆಕ್ಕಿನಂತೆ ಹೊಂಚುಹಾಕಿ ನೆಗೆಯುತ್ತದೆ. ಮುಖದ ಮುಂದೆ ಎರಡು ದೊಡ್ಡ ಕಣ್ಣು. "ನಾವು ಆಕಡೆ ಹೋದರೆ ಅದೂ ತಿರುಗಿ ನೋಡ್ತದೆ ಮಿಸ್." ಇದು ನೆಗೆಯುವ ಜೇಡ, ಸಾಲ್ಟಿಸಿಡೇ ಕುಟುಂಬ.

ಮೂರನೆಯದು ಬಚ್ಚಲಿನದು. ಬಲೆಯಿಲ್ಲ, ಚಪ್ಪಟೆ ಮೈ, ಏಡಿಯಂತೆ ಎರಡೂ ಪಕ್ಕಕ್ಕೆ ಚಾಚಿದ ಕಾಲುಗಳು. ದೀಪ ಹಾಕಿದೊಡನೆ ಸರ್ರನೆ ಓಡಿ ಹಂಡೆಯ ಹಿಂದಿನ ಬಿರುಕು ಸೇರಿತಂತೆ. ಹೊಟ್ಟೆಯಡಿ ನಾಣ್ಯದಂಥ ಬಿಳಿ ಬಿಲ್ಲೆ ಇತ್ತು, ಕಣ್ಣಿನ ಕೆಳಗೆ ಮಾಸಲು ಪಟ್ಟಿ ಇತ್ತು ಎಂದು ಹುಡುಗಿ ಚಿತ್ರ ಬರೆದು ತಂದಿದ್ದಳು. ಈ ಗುರುತುಗಳು ಸ್ಪರಾಸಿಡೇ ಕುಟುಂಬದ ಹೆಟೆರೋಪೋಡಾ ವೆನಟೋರಿಯಾಕ್ಕೆ ಹೊಂದುತ್ತವೆ. 1767ರಲ್ಲಿ ಲಿನೇಯಸ್ ಹೆಸರಿಸಿದ ಈ ಬೇಟೆಗಾರ ಜೇಡ ಸರಕಿನ ಜೊತೆ ಪ್ರಯಾಣಿಸಿ ಉಷ್ಣವಲಯದ ದೇಶಗಳಲ್ಲೆಲ್ಲ ಮನೆ ಮಾಡಿಕೊಂಡಿದೆ. ಬಿಳಿ ಬಿಲ್ಲೆ ಅದರ ಮೊಟ್ಟೆಚೀಲ. ಅದರ ಊಟದಲ್ಲಿ ಮುಖ್ಯವಾದದ್ದು ಜಿರಳೆ. ಕೈಯಲ್ಲಿ ಹಿಡಿದರೆ ಕಚ್ಚಬಹುದು, ನೋವಾಗುತ್ತದೆ, ಜೀವಕ್ಕೆ ಅಪಾಯವಿಲ್ಲ.

ಪಾಠ ವೀಕ್ಷಿಸಿದ ಮಾರ್ಗದರ್ಶಕರು ಚರ್ಚೆಯಲ್ಲಿ ಕೇಳಿದರು: "ಎರಡು ಗುಂಪಿಗೆ ಕುಟುಂಬದ ಹೆಸರು ಮಾತ್ರ, ಮೂರನೆಯದಕ್ಕೆ 'ಹೊಂದುತ್ತದೆ' ಎಂಬ ಮಾತು. ಮಕ್ಕಳಿಗೆ ಅರ್ಧ ಉತ್ತರ ಕೊಟ್ಟಂತಾಗಲಿಲ್ಲವೇ?" ನನ್ನ ಉತ್ತರ ಇಷ್ಟೇ ಇತ್ತು. ನೆಗೆಯುವ ಜೇಡಗಳಲ್ಲೇ 6000ಕ್ಕೂ ಹೆಚ್ಚು ಪ್ರಭೇದಗಳಿವೆ. ಖಚಿತವಾಗಿ ಬೇರ್ಪಡಿಸಲು ಹಲವು ಸಲ ಸಂತಾನೋತ್ಪತ್ತಿ ಅಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕಂಡದ್ದು ಎಲ್ಲಿಯವರೆಗೆ ಹೇಳುತ್ತದೋ ಅಲ್ಲಿಗೆ ನಿಲ್ಲುವುದನ್ನು ಕಲಿತ ಮಗು ಅರ್ಧ ಕಲಿತದ್ದಲ್ಲ. ಅವರು ಒಪ್ಪಿದರೋ ಇಲ್ಲವೋ, ಟಿಪ್ಪಣಿಯಲ್ಲಿ "ಇದನ್ನು ಉದ್ದೇಶಗಳಲ್ಲಿ ಸೇರಿಸಿ" ಎಂದು ಬರೆದುಕೊಟ್ಟರು.

ಇನ್ನು ಅಜ್ಜಿಯ ಮಾತು. ಅದನ್ನು ಮೂಢನಂಬಿಕೆ ಎಂದು ಒರೆಸಿಹಾಕಲು ನನಗೆ ಮನಸ್ಸಾಗಲಿಲ್ಲ. ಗುಳ್ಳೆ ಅಜ್ಜಿ ಕಣ್ಣಾರೆ ಕಂಡದ್ದು. ಆದರೆ ಜೇಡದ ಮೂತ್ರದಿಂದ ಗುಳ್ಳೆ ಏಳುವುದಿಲ್ಲ. ಮಳೆಗಾಲದ ರಾತ್ರಿ ದೀಪಕ್ಕೆ ಬರುವ ಪೇಡೆರಸ್ ಎಂಬ ಕಿತ್ತಳೆ-ಕಪ್ಪು ಬಣ್ಣದ ಪುಟ್ಟ ಜೀರುಂಡೆ ಮೈಮೇಲೆ ಜಜ್ಜಿಹೋದರೆ, ಅದರಲ್ಲಿರುವ ಪೆಡೆರಿನ್ ತಾಗಿ ಚರ್ಮ ಕೆಂಪಾಗಿ ಗುಳ್ಳೆ ಬರುತ್ತದೆ. ಉರಿ ಆಗಲೇ ಶುರುವಾಗುವುದಿಲ್ಲ. ಎಚ್ಚರವಾಗಿ ನೋಡುವ ಹೊತ್ತಿಗೆ ಜೀರುಂಡೆ ಇರುವುದಿಲ್ಲ, ಗೋಡೆಯ ಮೇಲೆ ಜೇಡ ಕೂತಿರುತ್ತದೆ. ಸರ್ಪಸುತ್ತಿನ ಗುಳ್ಳೆಗೂ ಹೀಗೆಯೇ ಜೇಡದ ಮೇಲೆ ಅಪವಾದ ಬರುವುದುಂಟು. ಅದು ವೈರಸ್ಸಿನ ಕಾಯಿಲೆ. "ಅಜ್ಜಿ ನೋಡಿದ್ದು ಸರಿ, ಕಾರಣ ಬೇರೆ ಇರಬಹುದು ಅಂತ ಹೇಳು" ಎಂದೆ.

ವಾರದ ನಂತರ ತಮ್ಮನ ಬಗ್ಗೆ ವಿಚಾರಿಸಿದೆ. "ಈಗಲೂ ಒಬ್ಬನೇ ಹೋಗಲ್ಲ ಮಿಸ್. ಆದರೆ ಹೋದ ತಕ್ಷಣ ಅದು ಎಲ್ಲಿದೆ ಅಂತ ಹುಡುಕ್ತಾನೆ" ಎಂದಳು.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ: ವರ್ಗೀಕರಣದ ಪಾಠಕ್ಕೆ ಚಾರ್ಟ್ ಇರಲಿ, ಜೊತೆಗೆ ಇಂಥ ನಾಲ್ಕು ಪ್ರಶ್ನೆಗಳೂ ಇರಲಿ. ಖರ್ಚಿಲ್ಲ, ಪ್ರಯೋಗಾಲಯ ಬೇಕಿಲ್ಲ. ಎರಡು ಅವಧಿ ಮೀಸಲಿಡಿ, ನಡುವೆ ಒಂದು ರಾತ್ರಿ ಬಿಡಿ. ಜೇಡಗಳು ಹೆಚ್ಚಾಗಿ ಕಾಣುವುದು ಆಗಲೇ.